‘ಏಕಕ ಕೋಶ’ದ ಬದಲು ‘ಅಂಕಣ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಲೋಹದ ಹರಳಿನ ಯೂನಿಟ್ ಸೆಲ್‌ಗೆ, ಅಂದರೆ ಒಂದರ ಪಕ್ಕ ಒಂದು ಜೋಡಿಸುತ್ತಾ ಹೋದರೆ ಇಡೀ ಹರಳೇ ಆಗುವ ಪುಟ್ಟ ಪೆಟ್ಟಿಗೆಗೆ, ನೀವು ಕನ್ನಡದಲ್ಲಿ ಏನು ಹೇಳುತ್ತೀರಿ? ಏಕಕ ಕೋಶ, ಘಟಕ ಕೋಶ, ಏಕಮಾನ ಕೋಶ, ಮೂರನ್ನೂ ನೋಡಿದ್ದೇನೆ. ಏಕಕವೋ ಘಟಕವೋ, ಅದರ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರೋದು ‘ಕೋಶ’ದ ಬಗ್ಗೆ.

ವಿರಾಜಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಡಿಗ್ರಿ ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ಕೆಮಿಸ್ಟ್ರಿ ಲೆಕ್ಕಗಳನ್ನು ಕನ್ನಡದಲ್ಲಿ ಹೇಳಿದರೆ ಬೇಗ ತಲೆಗೆ ಹೋಗುತ್ತೆ ಅಂತ ನನ್ನ ಹತ್ತಿರ ಬರುತ್ತಾಳೆ. ಮೊನ್ನೆ ಬಂದಿದ್ದು ಬೆಳ್ಳಿಯ ಸಾಂದ್ರತೆಯ ಲೆಕ್ಕ. ದಾರಿ ಸುಲಭದ್ದೇ: ಒಂದು ಕೋಶದಲ್ಲಿ ಎಷ್ಟು ಪರಮಾಣು ಇವೆಯೋ ಅದನ್ನು ಪರಮಾಣು ರಾಶಿಯಿಂದ ಗುಣಿಸಿ ಅವೊಗ್ಯಾಡ್ರೊ ಸಂಖ್ಯೆಯಿಂದ ಭಾಗಿಸಿದರೆ ಆ ಪುಟ್ಟ ಕೋಶದ ರಾಶಿ ಗ್ರಾಂನಲ್ಲಿ ಸಿಗುತ್ತೆ, ಅದನ್ನು ಕೋಶದ ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. (ರಾಶಿ ಅಂದ ಕೂಡಲೇ ಇಲ್ಲಿ ಎಲ್ಲರ ಕಣ್ಣಿಗೂ ಕಣದಲ್ಲಿ ಒಣಗಿಸಿದ ಕಾಫಿ ಬರುತ್ತೆ, ಅದು ಇನ್ನೊಂದು ದಿನದ ಜಗಳ.)

ಅವಳು ನೀಟಾಗಿ ಚೌಕಪೆಟ್ಟಿಗೆ ಬರೆದಳು. ಮೂಲೆಗೊಂದರಂತೆ ಎಂಟು ಚುಕ್ಕಿ, ಮುಖದ ನಡುವೆ ಒಂದೊಂದರಂತೆ ಆರು ಚುಕ್ಕಿ. ಪಕ್ಕದಲ್ಲಿ 14 ಅಂತ ಬರೆದು ಗುಣಿಸುತ್ತಾ ಹೋದಳು. ಘನ ಸೆಂಟಿಮೀಟರಿಗೆ 36.8 ಗ್ರಾಂ ಬಂತು! ಎಲ್ಲ ಲೋಹಗಳಿಗಿಂತ ಸಾಂದ್ರವಾದ ಆಸ್ಮಿಯಂ ಕೂಡ ಸುಮಾರು 22.6ಕ್ಕೆ ನಿಲ್ಲುತ್ತೆ. ‘ಕೋಶದಲ್ಲಿ ಇರೋದು ಹದಿನಾಲ್ಕೇ ಅಲ್ವಾ ಆಂಟಿ, ಎಣಿಸಿ ನೋಡಿ’ ಅಂದಳು.

ಅವಳದ್ದೇನು ತಪ್ಪು ಹೇಳಿ. ಜೀವಕೋಶ ಅಂದರೆ ಸುತ್ತ ಪೊರೆ, ಒಳಗಿರುವುದೆಲ್ಲ ಅದರ ಸ್ವಂತದ್ದು. ಶಬ್ದಕೋಶ ಅಂದರೆ ಪದಗಳನ್ನು ತುಂಬಿಟ್ಟ ಜಾಗ. ಕೋಶಾಧಿಕಾರಿ ಕಾಯೋದು ಹಣದ ಪೆಟ್ಟಿಗೆ. ಹೀಗೆ ಕೋಶ ಎಲ್ಲಿ ಬಂದರೂ ಮುಚ್ಚಿದ್ದು, ತುಂಬಿದ್ದು, ತನ್ನದೇ ಆದದ್ದು. ಹರಳಿನ ಸೆಲ್ ಹಾಗಲ್ಲ. ಮೂಲೆಯ ಪರಮಾಣು ಎಂಟು ಸೆಲ್‌ಗಳ ಪಾಲು, ಹಾಗಾಗಿ ಎಂಟು ಮೂಲೆ ಸೇರಿ ಒಂದೇ ಒಂದು. ಮುಖದ ಮೇಲಿನದು ಇಬ್ಬರ ಪಾಲು, ಆರು ಮುಖ ಸೇರಿ ಮೂರು. ಒಟ್ಟು ನಾಲ್ಕು. ನಾಲ್ಕನ್ನು 107.87ರಿಂದ ಗುಣಿಸಿದರೆ 431.5, ಅದನ್ನು ಅವೊಗ್ಯಾಡ್ರೊ ಸಂಖ್ಯೆಯಿಂದ, ಅಂದರೆ 6.022 × 10²³ರಿಂದ ಭಾಗಿಸಿ. ಅಂಚಿನ ಉದ್ದ 4.086 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ 10⁻⁸ ಸೆಂಟಿಮೀಟರ್), ಅಂದರೆ ಗಾತ್ರ ಸುಮಾರು 68.2 × 10⁻²⁴ ಘನ ಸೆಂಟಿಮೀಟರ್. ಉತ್ತರ 10.5. ಬೆಳ್ಳಿ ಗಟ್ಟಿಯನ್ನು ತೂಗಿ, ನೀರಲ್ಲಿ ಮುಳುಗಿಸಿ ಅಳೆದರೂ ಬರೋದು ಅಷ್ಟೇ.

ಅದಕ್ಕೇ ನನಗೆ ‘ಅಂಕಣ’ ಹೊಳೆದಿದ್ದು. ಪೇಪರಿನ ಅಂಕಣ ಅಲ್ಲ, ಅದಕ್ಕೂ ಹಳೆಯದು, ಕಂಬ ಕಂಬದ ನಡುವಿನ ಜಾಗ. ಹಳೆ ಮನೆಗಳನ್ನು ಇಷ್ಟು ಅಂಕಣದ ಮನೆ ಅಂತ ಲೆಕ್ಕ ಹಾಕುತ್ತಿದ್ದರಲ್ಲ, ಅದು. ದೇವಸ್ಥಾನದ ನವರಂಗ ನೋಡಿ: ಒಂಬತ್ತು ಅಂಕಣ, ನಡುವೆ ನಾಲ್ಕು ಕಂಬ. ಆ ಒಂದೊಂದು ಕಂಬವೂ ನಾಲ್ಕು ಅಂಕಣಕ್ಕೆ ಸೇರಿದ್ದು, ಇದು ನನ್ನ ಕಂಬ ಅಂತ ಯಾವ ಅಂಕಣವೂ ಹೇಳುವಂತಿಲ್ಲ. ಮೇಲೊಂದು ಮಹಡಿ ಇದೆ ಅಂದುಕೊಂಡರೆ ನಾಲ್ಕು ಎಂಟಾಗುತ್ತೆ, ಹರಳಿನ ಮೂಲೆ ಬಂದೇ ಬಿಟ್ಟಿತು. ಇಷ್ಟು ಹೇಳಿದ ಮೇಲೆ ಹುಡುಗಿ ಕಬ್ಬಿಣದ ಲೆಕ್ಕ ತಾನೇ ಮಾಡಿದಳು. ಅದರಲ್ಲಿ ಮುಖದ ಮೇಲೆ ಪರಮಾಣು ಇಲ್ಲ, ಪೆಟ್ಟಿಗೆಯ ನಟ್ಟನಡುವೆ ಒಂದಿದೆ. ಮೂಲೆಗಳದ್ದು ಸೇರಿ ಒಂದು, ಹೊಟ್ಟೆಯಲ್ಲಿರುವುದು ಪೂರ್ತಿ ತನ್ನದೇ, ಒಟ್ಟು ಎರಡು. ಅಂಚು 2.866, ಉತ್ತರ 7.88.

‘ಅಂಕಣ’ಕ್ಕೆ ಒಂದೇ ತೊಂದರೆ. ‘ಬೆಳ್ಳಿಯ ಅಂಕಣ’ ಅಂದರೆ ಯಾರೋ ವಾರ ವಾರ ಬರೆಯುತ್ತಿರುವ ಹಾಗೆ ಕೇಳುತ್ತೆ. ‘ಹರಳಂಕಣ’ ಅಂದರೆ ಹೇಗೆ? ನನ್ನ ಕಿವಿಗೆ ಪರವಾಗಿಲ್ಲ ಅನಿಸುತ್ತೆ.

ಇದರ ಜೊತೆಗೆ ‘ಸಾಂದ್ರತೆ’ಯನ್ನೂ ಸ್ವಲ್ಪ ನೋಡಿ. ಜನಸಾಂದ್ರತೆ ಅಂತ ಕೇಳಿ ಕೇಳಿ, ಸಾಂದ್ರ ಅಂದರೆ ಒತ್ತೊತ್ತಾಗಿ ತುಂಬಿದ್ದು ಅಂತಲೇ ನಮ್ಮ ತಲೆಯಲ್ಲಿ ಕೂತಿದೆ. ಆದರೆ ಪೀಚೆಕತ್ತಿಯ (ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ) ಬೆಳ್ಳಿ, ಅದರ ಮೇಲಿನ ಚಿನ್ನ, ಅಡುಗೆಮನೆಯ ಅಲ್ಯೂಮಿನಿಯಂ ಪಾತ್ರೆ, ಮೂರರ ಪರಮಾಣುಗಳೂ ಜೋಡಿಸಿಕೊಂಡಿರುವ ರೀತಿ ಒಂದೇ, ಒತ್ತು ಕೂಡ ಅಷ್ಟೇ. ಅಂಚಿನ ಉದ್ದ ಕೂಡ ಹೆಚ್ಚುಕಮ್ಮಿ ಒಂದೇ: ಬೆಳ್ಳಿ 4.09, ಚಿನ್ನ 4.08, ಅಲ್ಯೂಮಿನಿಯಂ 4.05. ಸಾಂದ್ರತೆ ಮಾತ್ರ 10.5, 19.3, 2.7! ಪರಮಾಣು ಜಾಸ್ತಿ ತುರುಕಿದ್ದಕ್ಕಲ್ಲ, ಒಂದೊಂದು ಪರಮಾಣುವೇ ಭಾರ ಅನ್ನೋದಕ್ಕೆ. ಇಲ್ಲಿ ಪದ ಬದಲಿಸಿ ಅಂತ ನಾನು ಹೇಳೋದಿಲ್ಲ, ಸಾಂದ್ರತೆ ಬೇರು ಬಿಟ್ಟು ಕೂತಿದೆ. ಪಾಠ ಮಾಡುವವರು ಈ ಮೂರು ಲೋಹಗಳನ್ನು ಒಟ್ಟಿಗೆ ತೋರಿಸಿದರೆ ಸಾಕು.

ಕೇಳಬೇಕಿದ್ದದ್ದು ಇಷ್ಟು. ಹಾಸನ, ಶಿವಮೊಗ್ಗ ಕಡೆಯವರು ಈಗಲೂ ಮನೆ ಕಟ್ಟುವಾಗ ಅಂಕಣ ಅನ್ನುತ್ತೀರಾ, ಅಥವಾ ಬರೀ ಅಜ್ಜಂದಿರ ಬಾಯಲ್ಲಾ? ಕೊಡವ ತಕ್ಕ್, ಅರೆಭಾಷೆ ಆಡುವವರು ಐನ್‌ಮನೆಯ (ಮನೆತನದ ಹಿರಿಮನೆ) ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ಎರಡು ಕಂಬದ ನಡುವಿನ ಜಾಗಕ್ಕೆ ಏನಂತೀರಿ? ಐಮರ ಅಂದರೆ ಅಲ್ಲಿ ಹಾಕಿದ ಹಲಗೆ, ನಾನು ಕೇಳುತ್ತಿರೋದು ಜಾಗದ ಹೆಸರು. ಮನೆಯ ಹಿರಿಯರನ್ನು ಕೇಳಿ ಬರೆಯಿರಿ.

ಹಾಗೇ, ಬಿಡುವಿದ್ದವರು ‘ಘನ’ಕ್ಕೂ ಒಂದು ದಾರಿ ತೋರಿಸಿ. ‘ಘನ ವಸ್ತುವಿನ ಘನ ಕೋಶದ ಘನಫಲ’ ಅಂತ ಬರೆದರೆ ವ್ಯಾಕರಣದಲ್ಲಿ ತಪ್ಪಿಲ್ಲ, ಓದಿದವರಿಗೆ ಏನೂ ತಿಳಿಯೋದೂ ಇಲ್ಲ. ಮೊದಲನೆಯದಕ್ಕೆ ‘ಗಟ್ಟಿ’, ಕೊನೆಯದಕ್ಕೆ ‘ಗಾತ್ರ’ ಹಾಕಿ ನಾನು ತಪ್ಪಿಸಿಕೊಂಡಿದ್ದೇನೆ. ನಡುವಿನದು, ಅಂದರೆ ಕ್ಯೂಬ್, ಮಾತ್ರ ಹಾಗೇ ಉಳಿದಿದೆ.