ಮರಗೆಣಸು: ಟನ್ ಹೆಚ್ಚಿದ್ದರೂ ಗಾರಿ ಕಡಿಮೆಯಾಗುವುದೇಕೆ?

ತಳಿಶಾಸ್ತ್ರ_ವಿದ್ಯಾರ್ಥಿ
ಸೆಮಿನಾರಿಗಾಗಿ ನೈಜೀರಿಯಾದ ಮರಗೆಣಸಿನ ತಳಿ ಅಭಿವೃದ್ಧಿಯ ಬಗ್ಗೆ ಓದುತ್ತಿದ್ದೇನೆ. ಅಲ್ಲಿ ಗೆಣಸಿನ ಸಿಪ್ಪೆ ಸುಲಿದು, ತುರಿದು, ಹುಳಿ ಬರಿಸಿ, ನೀರು ಹಿಂಡಿ, ಹುರಿದು ರವೆಯಂಥ ಗಾರಿಯನ್ನು ತಯಾರಿಸುತ್ತಾರೆ. ಹೆಚ್ಚು ಇಳುವರಿ ಕೊಡುವ ಕೆಲವು ತಳಿಗಳನ್ನು ಗಾರಿ ಮಾಡುವ ಹೆಂಗಸರೇ ಒಲ್ಲೆ ಎನ್ನುತ್ತಾರಂತೆ. ಇಳುವರಿಯನ್ನೂ ಸಂಸ್ಕರಣೆಯ ಗುಣವನ್ನೂ ಒಂದೇ ತಳಿಯಲ್ಲಿ ತರುವುದಕ್ಕೆ ಅಡ್ಡಿ ಯಾವುದು? ಹಳದಿ ಗೆಣಸಿನಲ್ಲಿ ಪಿಷ್ಟ ಕಡಿಮೆ ಎನ್ನುವುದಕ್ಕೆ ವಂಶವಾಹಿಯೇ ಕಾರಣವೇ?

ಗೆಡ್ಡೆಬೆಳೆ
ಮೊದಲು ದಾರಿ ತಪ್ಪಿಸುವುದೇ ಹಸಿ ಗೆಣಸಿನ ಟನ್ ಲೆಕ್ಕ. ಹೆಕ್ಟೇರಿಗೆ 25 ಟನ್ ಬಂದು ಒಣ ಅಂಶ (ನೀರು ಕಳೆದು ಉಳಿಯುವುದು, ಬಹುಪಾಲು ಪಿಷ್ಟವೇ) ಶೇ 28 ಇದ್ದರೆ ಸಿಗುವ ಒಣ ಪದಾರ್ಥ 7 ಟನ್. 20 ಟನ್ ಬಂದು ಶೇ 35 ಇದ್ದರೂ ಅದೇ 7 ಟನ್. ಮೊದಲನೆಯ ತಳಿಯಲ್ಲಿ ಹೆಚ್ಚಾಗಿ ಕಿತ್ತು, ಹೊತ್ತು, ತುರಿದು, ಕೊನೆಗೆ ಹಿಂಡಿ ಚೆಲ್ಲುವುದು 5 ಟನ್ ನೀರನ್ನು. ಆ ಹೆಂಗಸರ ಆಕ್ಷೇಪ ನನಗಂತೂ ಪೂರ್ತಿ ನ್ಯಾಯವಾಗಿಯೇ ಕಾಣುತ್ತದೆ. (ನಮ್ಮ ಸಬ್ಬಕ್ಕಿಗೆ ಹಿಟ್ಟು ಒದಗಿಸುವ ಸೇಲಂ ಕಡೆಯ ಕಾರ್ಖಾನೆಗಳೂ ಗೆಣಸಿಗೆ ಬೆಲೆ ಕಟ್ಟುವಾಗ ಪಿಷ್ಟದ ಅಂಶವನ್ನು ನೋಡುತ್ತವೆ.)

ಇನ್ನು ವಂಶವಾಹಿಗಳ ಮಾತು. ಒಣ ಅಂಶದ ಮೇಲೆ ಬಹುಮಟ್ಟಿಗೆ ಜೀನ್‌ಗಳ ಪರಿಣಾಮ ಒಂದಕ್ಕೊಂದು ಕೂಡುತ್ತಾ ಹೋಗುವುದರಿಂದ ತಾಯಿತಂದೆಯರನ್ನು ನೋಡಿ ಸಂತತಿಯನ್ನು ಊಹಿಸಬಹುದು. ಹಸಿ ಇಳುವರಿ ಹಾಗಲ್ಲ. ಅದರಲ್ಲಿ ಪ್ರಬಲತೆಯ, ಅಂದರೆ ಜೀನ್‌ನ ಒಂದು ರೂಪ ಇನ್ನೊಂದನ್ನು ಮರೆಮಾಡುವುದರ, ಪಾಲು ದೊಡ್ಡದು. ತುಂಡು ನೆಟ್ಟು ಬೆಳೆಸುವವರೆಗೆ ಉಳಿದುಕೊಳ್ಳುವ ಒಳ್ಳೆಯ ಜೋಡಣೆಯು ಬೀಜ ಕಟ್ಟಿಸಿದ ಕೂಡಲೇ ಚದುರಿಹೋಗುತ್ತದೆ. ಆದ್ದರಿಂದಲೇ, 2012ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ನೈಜೀರಿಯಾದ ಇಬಾದಾನ್, ಉಮುದಿಕೆಗಳ ಸಂಶೋಧನಾ ಸಂಸ್ಥೆಗಳು ಸೇರಿ ಆರಂಭಿಸಿದ ನೆಕ್ಸ್ಟ್‌ಜೆನ್ ಕಸಾವಾ ಯೋಜನೆಯಲ್ಲಿ ಬಳಸಿದ ಜೀನೋಮಿಕ್ ಆಯ್ಕೆಯಂಥ (ಡಿಎನ್‌ಎ ಗುರುತುಗಳಿಂದಲೇ ಗಿಡದ ಗುಣವನ್ನು ಅಂದಾಜಿಸುವ) ವಿಧಾನವು ಇಳುವರಿಗಿಂತ ಒಣ ಅಂಶವನ್ನು ಹೆಚ್ಚು ನಂಬಿಕೆಯಿಂದ ಊಹಿಸುತ್ತದೆ.

ಹಳದಿಗೆಣಸು
ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ನೈಜೀರಿಯಾ 2011ರಲ್ಲಿ ಎ ಜೀವಸತ್ವದ ಮೂರು ಹಳದಿ ತಳಿಗಳನ್ನು ಬಿಡುಗಡೆ ಮಾಡಿತು. ಆಫ್ರಿಕಾದ ತಳಿಗಳಲ್ಲಿ ಹಳದಿ ಬಣ್ಣ ಏರಿದಂತೆ ಒಣ ಅಂಶ ಇಳಿಯುವುದು ನಿಜ. ಬಣ್ಣಕ್ಕೆ ಮುಖ್ಯ ಕಾರಣವಾದ ಪಿಎಸ್‌ವೈ2 ಜೀನ್ 1ನೇ ವರ್ಣತಂತುವಿನಲ್ಲಿದ್ದು, ಒಣ ಅಂಶಕ್ಕೆ ಸಂಬಂಧಿಸಿದ ತಾಣವೂ ಅದರ ನೆರೆಯಲ್ಲೇ ಇದೆ. ಆದರೆ ಕೊಲಂಬಿಯಾದ ಸಿಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಲ್ಯಾಟಿನ್ ಅಮೆರಿಕದ ತಳಿಗಳಲ್ಲಿ ಈ ವಿಲೋಮ ಸಂಬಂಧ ಕಾಣಿಸುವುದಿಲ್ಲ. ಹೀಗಾಗಿ ಇದು ಒಂದೇ ಜೀನ್‌ನ ಎರಡು ಪರಿಣಾಮವೆನ್ನುವುದಕ್ಕಿಂತ ಅಕ್ಕಪಕ್ಕದ ಜೀನ್‌ಗಳ ಅಂಟು (ಒಟ್ಟಾಗಿಯೇ ಸಂತತಿಗೆ ಸಾಗುವುದು) ಎನ್ನುವುದೇ ಸರಿಯೆಂದು ನನ್ನ ಎಣಿಕೆ. ಸಾಕಷ್ಟು ಸಸಿಗಳನ್ನು ಬೆಳೆಸಿ ಹುಡುಕಿದರೆ ಅಂಟು ಬಿಟ್ಟವು ಸಿಗಬೇಕು.

ತಳಿಶಾಸ್ತ್ರ_ವಿದ್ಯಾರ್ಥಿ
ಇಬ್ಬರಿಗೂ ಧನ್ಯವಾದಗಳು. ಅಷ್ಟು ಸಸಿಗಳ ಒಣ ಅಂಶವನ್ನು ಹೊಲದಲ್ಲಿ ಅಳೆಯುವುದು ಹೇಗೆ?

ಗೆಡ್ಡೆಬೆಳೆ
ತಕ್ಕಡಿ ಮತ್ತು ಒಂದು ಡ್ರಮ್ ನೀರಿದ್ದರೆ ಸಾಕು. ತೊಳೆದ ಗೆಣಸನ್ನು ಗಾಳಿಯಲ್ಲೊಮ್ಮೆ, ಬುಟ್ಟಿಯಲ್ಲಿ ಮುಳುಗಿಸಿ ನೀರಿನಲ್ಲೊಮ್ಮೆ ತೂಗಬೇಕು. ಗಾಳಿಯಲ್ಲಿ 3 ಕೆಜಿ ಇದ್ದದ್ದು ನೀರಿನಲ್ಲಿ 330 ಗ್ರಾಂ ತೂಗಿದರೆ ಸಾಪೇಕ್ಷ ಸಾಂದ್ರತೆ ಸುಮಾರು 1.12 ಆಗುತ್ತದೆ, ಅದು ಹೆಚ್ಚಿದಷ್ಟೂ ಒಣ ಅಂಶ ಹೆಚ್ಚು. ಗಾರಿ ತಣ್ಣೀರಿನಲ್ಲಿ ಎಷ್ಟು ಅರಳುತ್ತದೆ ಎಂಬುದನ್ನು ಮಾತ್ರ ಈ ತಕ್ಕಡಿ ಹೇಳದು. ಅದಕ್ಕೆ ಗಾರಿಯನ್ನು ಮಾಡಿಯೇ ನೋಡಬೇಕು. ಒಂದು ಎಚ್ಚರಿಕೆ: ಬೇಸಿಗೆ ಕಳೆದು ಮಳೆ ಬಿದ್ದೊಡನೆ ಗಿಡವು ಹೊಸ ಚಿಗುರಿಗಾಗಿ ಗೆಣಸಿನ ಪಿಷ್ಟವನ್ನೇ ಕರಗಿಸುತ್ತದೆ. ಹೋಲಿಕೆಗೆ ನೆಟ್ಟ ಹಳೆಯ ತಳಿಯನ್ನೂ ಅದೇ ದಿನ ಕಿತ್ತು ತೂಗದಿದ್ದರೆ, ಕಂಡ ವ್ಯತ್ಯಾಸ ತಳಿಯದೋ ಮಳೆಯದೋ ತಿಳಿಯುವುದಿಲ್ಲ.