ಕೈ ಬಿಗಿ ಇರುವಾಗ ಮನೆಯವರ ಮೇಲಿನ ಪ್ರೀತಿ ಒಣಗದ ಹಾಗೆ ನೋಡಿಕೊಳ್ಳೋದು ಹೇಗೆ?

ಮಗ್ಗದ ಮನೆ, ದೊಡ್ಡಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಪವರ್‌ಲೂಮ್ ಇರುವ ಮನೆ. ಮಗ್ಗ ನಮ್ಮದು, ನೂಲು ಮಾಲೀಕರದ್ದು. ಸೀರೆಗೆ ಇಷ್ಟು ಅಂತ ಕೂಲಿ. ಸೂರತ್‌ನಿಂದ ಕಡಿಮೆ ರೇಟಿನ ಸೀರೆ ಬರೋಕೆ ಶುರುವಾದ ಮೇಲೆ ಕೆಲಸ ತೀರಾ ಇಳಿದಿದೆ. ಈಗ ಒಂದು ಮಗ್ಗ ಮಾತ್ರ ಓಡುತ್ತಿದೆ, ಅದೂ ವಾರವಿಡೀ ಅಲ್ಲ. ಮನೆಯಲ್ಲಿ ಗಂಡ, ಅತ್ತೆ, ಹೈಸ್ಕೂಲಿಗೆ ಹೋಗುವ ಮಗಳು, ಐದನೇ ಕ್ಲಾಸಿನ ಮಗ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದರೆ ಅದು ನೇರವಾಗಿ ಸಾಲದ ಕಂತಿಗೆ.

ಊಟಕ್ಕೆ ತೊಂದರೆ ಇಲ್ಲ. ರೇಷನ್ ಅಕ್ಕಿ ಇದೆ, ಊರಿಂದ ಅಣ್ಣ ರಾಗಿ ಕಳಿಸುತ್ತಾನೆ. ಕೆಟ್ಟಿರೋದು ಮನೆಯ ಮಾತು. ಯಾರು ಏನು ಅಂದರೂ ನನಗೆ ಸಿಡುಕು. ಗಂಡ ಮಾತೇ ಆಡಲ್ಲ. ಹಬ್ಬಕ್ಕೆ ಬಂದಿದ್ದ ನಾದಿನಿ "ಇರೋದರಲ್ಲೇ ತೃಪ್ತಿ ಪಡಬೇಕು, ದೇವರು ಕೊಟ್ಟಿದ್ದಕ್ಕೆ ಕೃತಜ್ಞತೆ ಇರಬೇಕು" ಅಂದಳು. ಮೈ ಉರಿಯಿತು. ಆದರೂ ನಮ್ಮ ಮನೆಯಲ್ಲಿ ಯಾರೂ ಕೆಟ್ಟವರಲ್ಲ, ಎಲ್ಲರೂ ದುಡಿಯುವವರೇ. ಅದನ್ನು ಮರೆಯದೆ ಬದುಕಬೇಕು ಅಂತ ಆಸೆ. ನಿಮ್ಮ ಮನೆಗಳಲ್ಲಿ ಹೇಗೆ ನಿಭಾಯಿಸುತ್ತೀರಿ?

ರೀಲರ್ ಮನೆಯವಳು, ರಾಮನಗರ

ಅಕ್ಕ, ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಮಾರ್ಕೆಟ್ಟಿನಲ್ಲಿ ಗೂಡಿನ ರೇಟು ದಿನಾ ಬದಲಾಗುತ್ತದೆ. ಗೂಡು ಏರಿ ನೂಲು ಇಳಿಯಿತು ಅಂದರೆ, ದುಡಿದಿದ್ದೂ ಹೋಯ್ತು, ಕೈಯಿಂದ ಹಾಕಿದ್ದೂ ಹೋಯ್ತು. ಆ ವಾರಗಳ ಮೌನ ನನಗೆ ಚೆನ್ನಾಗಿ ಗೊತ್ತು.

ಮೊದಲಿಗೆ, ನಾದಿನಿಯ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಕಡಿಮೆ ಕೂಲಿಗೆ ಯಾರೂ ಕೃತಜ್ಞರಾಗಿರಬೇಕಿಲ್ಲ. ಅದರ ಮೇಲೆ ಕೋಪ ಇರಲಿ, ಅದು ನ್ಯಾಯವಾದ ಕೋಪ. ಮನೆಯವರಿಗೆ ಋಣಿಯಾಗಿರೋದು ಬೇರೆ ವಿಷಯ.

ನಾನು ಕಂಡಿದ್ದು ಹೇಳ್ತೀನಿ. ದುಡ್ಡು ಕಡಿಮೆಯಾದಾಗ ಮನೆಯಲ್ಲಿ ಒಬ್ಬೊಬ್ಬರೂ ಏನನ್ನೋ ಬಿಡುತ್ತಾರೆ. ಬಿಟ್ಟಿದ್ದನ್ನು ಬಚ್ಚಿಡುತ್ತಾರೆ. ನಮ್ಮ ಮಾವ ಸಂಜೆ ಹೋಟೆಲ್ ಟೀ ನಿಲ್ಲಿಸಿದರು, ಕೇಳಿದರೆ "ಗ್ಯಾಸ್ಟ್ರಿಕ್ ಆಗುತ್ತಮ್ಮ" ಅಂದರು. ಮಗಳು ಸ್ಕೂಲ್ ಟೂರಿಗೆ ನಮ್ಮ ಕ್ಲಾಸಿನವರು ಯಾರೂ ಹೋಗ್ತಿಲ್ಲ ಅಂದಳು. ಆಮೇಲೆ ಪುಸ್ತಕಕ್ಕೆ ಬೈಂಡ್ ಹಾಕುವಾಗ ಟೂರಿನ ಚೀಟಿ ಸಿಕ್ಕಿತು. ಸಣ್ಣದಾಗಿ ಮಡಚಿ ಲೆಕ್ಕದ ಪುಸ್ತಕದ ರಟ್ಟಿನ ಒಳಗೆ ಇಟ್ಟಿದ್ದಳು. ಪೋಷಕರ ಸಹಿ ಅನ್ನೋ ಜಾಗ ಖಾಲಿ. ಕೆಳಗೆ ಪೆನ್ಸಿಲ್‌ನಲ್ಲಿ ಟೂರಿನ ದುಡ್ಡನ್ನು ಕೂಡಿ ಕಳೆದು ನೋಡಿದ್ದಳು, ಬಸ್ಸಿಗೆ ಇಷ್ಟು, ಊಟಕ್ಕೆ ಇಷ್ಟು ಅಂತ.

ಇಂಥದ್ದು ಕಣ್ಣಿಗೆ ಬಿದ್ದರೆ ಸುಮ್ನೆ ಇರಬೇಡಿ. ಬಾಯಿಬಿಟ್ಟು ಹೇಳಿ. "ನೀನು ಚಿನ್ನದಂಥ ಹುಡುಗಿ" ಅಂತ ಅಲ್ಲ. ಏನು ಮಾಡಿದರೋ ಅದನ್ನೇ ಹೇಳಿ. "ಚೀಟಿ ನೋಡಿದೆ. ನಮಗೋಸ್ಕರ ಬಿಟ್ಟೆ ಅಂತ ಗೊತ್ತಾಯ್ತು" ಅಂದೆ. ಅವಳು ಅತ್ತಳು. ಆಮೇಲೆ ಕೇಳಿದಳು, "ಅಮ್ಮ, ನಮಗೆ ನಿಜವಾಗ್ಲೂ ಎಷ್ಟು ಸಾಲ ಇದೆ?" ಅವತ್ತು ಅವಳಪ್ಪ ಲೆಕ್ಕದ ಪುಸ್ತಕ ತಂದು ಎಲ್ಲ ತೋರಿಸಿದರು. ಅವಳು ಅಂದುಕೊಂಡಿದ್ದಕ್ಕಿಂತ ಕಡಿಮೆಯೇ ಇತ್ತು! ಮಕ್ಕಳಿಗೆ ಹೇಳದಿದ್ದರೆ ಅವರು ದೊಡ್ಡದನ್ನೇ ಊಹಿಸಿಕೊಳ್ಳುತ್ತಾರೆ.

ಇನ್ನೊಂದು ಮಾತು. ಬಾಯಲ್ಲಿ ಥ್ಯಾಂಕ್ಸ್ ಹೇಳಿ ಕೆಲಸ ಹಾಗೇ ಬಿಟ್ಟರೆ ಅದು ಮೋಸ. ನೂಲು ಬಿಚ್ಚಲು ಗೂಡು ಹಾಕುವ ಬೇಸಿನ್‌ನ ಬಿಸಿನೀರಿನಲ್ಲಿ ಇಡೀ ದಿನ ಕೈ ಇಟ್ಟು ನನ್ನ ಬೆರಳ ತುದಿ ಬಿಳಿಚಿಕೊಂಡು ಬಿರುಕು ಬಿಡುತ್ತದೆ. ಸೋಪಿನ ನೀರು ತಾಗಿದರೆ ಚುರ್ ಅನ್ನುತ್ತೆ. ನನ್ನ ಗಂಡ ಅದನ್ನು ನೋಡಿ ರಾತ್ರಿ ಪಾತ್ರೆ ತೊಳೆಯೋದು ತಾವೇ ವಹಿಸಿಕೊಂಡರು. ಪಾಪ ಅನ್ನೋದಕ್ಕಿಂತ ಆ ಪಾತ್ರೆಗಳು ನನಗೆ ಜಾಸ್ತಿ. ನಿಮ್ಮ ಮನೆಯಲ್ಲಿ ಕೊನೆಗೆ ಊಟಕ್ಕೆ ಕೂರೋದು ಯಾರು ಅಂತ ನೋಡಿ. ಅವರನ್ನು ಹೊಗಳಬೇಡಿ, ಮೊದಲು ಬಡಿಸಿ. ನೀವೇ ಆಗಿದ್ದರೆ ನೀವೇ ಮೊದಲು ಕೂತುಕೊಳ್ಳಿ.

ಲೆಕ್ಕದ ಮೇಷ್ಟ್ರು, ತುಮಕೂರು

ಮೇಲಿನ ತಾಯಿ ಹೇಳಿದ್ದು ಸರಿಯಾಗಿದೆ. ನಾನು ಕಂತಿನ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕಂದ್ರೆ ಎಷ್ಟೋ ಮನೆಗಳಲ್ಲಿ ಸಿಡುಕಿನ ದಿನವೂ ಕಂತಿನ ದಿನವೂ ಒಂದೇ ಆಗಿರುತ್ತದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಮೈಕ್ರೋಫೈನಾನ್ಸ್ ಸಾಲಕ್ಕೆ ನಿಯಮ ಮಾಡಿದೆ. ಒಂದು ಮನೆಯ ಎಲ್ಲ ಸಾಲದ ಕಂತೂ ಸೇರಿ ತಿಂಗಳ ಆದಾಯದ ಶೇ 50 ಮೀರುವ ಹಾಗೆ ಹೊಸ ಸಾಲ ಕೊಡುವಂತಿಲ್ಲ. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ನೋಂದಣಿ ಇಲ್ಲದ ಸಾಲದವರು ಕಿರುಕುಳ ಕೊಟ್ಟರೆ ನಮ್ಮ ರಾಜ್ಯದಲ್ಲಿ 2025ರಲ್ಲಿ ಬಂದ ಕಾನೂನೇ ಇದೆ, ಪೊಲೀಸರು ದೂರು ಬೇಡ ಅನ್ನೋ ಹಾಗಿಲ್ಲ. ಮೊದಲು ಎಲ್ಲ ಸಾಲವನ್ನೂ ಒಂದು ಹಾಳೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೂತು ಬರೆಯಿರಿ.

ಮಾಗಡಿ ಕಡೆಯವನು

ನಮ್ಮಲ್ಲಿ ಜಾಸ್ತಿ ಮಾತು ಬರುವವರು ಇಲ್ಲ. ಅವರೆ ಸೀಸನ್ನಿನಲ್ಲಿ ಮಾತು ತಾನಾಗೇ ಬರುತ್ತದೆ. ಕಾಳು ರಾತ್ರಿ ನೆನೆಹಾಕಿ ಬೆಳಿಗ್ಗೆ ಎಲ್ಲರೂ ಪಾತ್ರೆ ಸುತ್ತ ಕೂತು ಹಿತುಕುತ್ತೇವೆ. ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಆಚೆ ಬರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಕೈಗೆ ಕೆಲಸ ಇದ್ದಾಗ ಅಪ್ಪ ಕಷ್ಟ ಹೇಳಿಕೊಳ್ಳುತ್ತಾರೆ. ಎದುರು ಬದುರು ಕೂರಿಸಿ ಕೇಳಿದರೆ ಹೇಳಲ್ಲ. ನಿಮ್ಮವರ ಜೊತೆ ಕೂತು ಮಾಡುವ ಕೆಲಸ ಒಂದು ಹುಡುಕಿ, ಮಗ್ಗ ಬಿಟ್ಟು.

ಮಗ್ಗದ ಮನೆ, ದೊಡ್ಡಬಳ್ಳಾಪುರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾಮನಗರದ ಅಕ್ಕ ಹೇಳಿದ ಹಾಗೆ ನೋಡಲು ಶುರು ಮಾಡಿದೆ. ಮಗನ ವಿಷಯ ಏನೂ ಸಿಗಲಿಲ್ಲ, ಅವನು ಆರಾಮಾಗಿದ್ದಾನೆ, ಅದೇ ಸಂತೋಷ. ಆದರೆ ಅತ್ತೆಯ ಬಿಪಿ ಮಾತ್ರೆ ನೋಡಿದೆ. ಮುಗಿದು ಹೋಗಬೇಕಿದ್ದ ಪಟ್ಟಿಯಲ್ಲಿ ಅರ್ಧ ಮಾತ್ರೆ ಹಾಗೇ ಇದೆ. ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದಾರೆ. ಕೇಳಿದರೆ "ಈಗ ಚೆನ್ನಾಗಿದೀನಲ್ಲ" ಅಂದರು. ನನಗೆ ಮಾತೇ ಬರಲಿಲ್ಲ.

ರೀಲರ್ ಮನೆಯವಳು, ರಾಮನಗರ

ಅಕ್ಕ, ಇದನ್ನು ತಡ ಮಾಡಬೇಡಿ. ಬಿಪಿ ಮಾತ್ರೆ ಹಾಗೆ ಬಿಟ್ಟು ಬಿಟ್ಟು ತಗೊಂಡರೆ ಅಪಾಯ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿ ಮಾತ್ರೆ ಉಚಿತವಾಗಿ ಕೊಡುತ್ತಾರೆ. ನಮ್ಮ ಮಾವನಿಗೂ ಅಲ್ಲಿಂದಲೇ. ಹಳೇ ಚೀಟಿ ತೆಗೆದುಕೊಂಡು ಹೋಗಿ, ನಿಲ್ಲಿಸಿದ್ದನ್ನೂ ಡಾಕ್ಟರಿಗೆ ಹೇಳಿ.

ಮಗ್ಗದ ಮನೆ, ದೊಡ್ಡಬಳ್ಳಾಪುರ

ನಾಳೆ ಬೆಳಿಗ್ಗೆಯೇ ಹೋಗುತ್ತೇವೆ. ಬಸ್ಸು ನಮಗಿಬ್ಬರಿಗೂ ಫ್ರೀ. ಮಗಳು ಸ್ಕೂಲಿಗೆ ಹೋಗುವ ಮುಂಚೆ ಅಡುಗೆ ನಾನು ಮಾಡ್ತೀನಿ ಅಂದಿದ್ದಾಳೆ. ಸಾಲದ ಹಾಳೆ ಭಾನುವಾರ ಬರೆಯೋಣ ಅಂತ ಗಂಡ ತಾವಾಗೇ ಹೇಳಿದರು.