ಅಪ್ಪನ ಇಸಬು ಆರು ವರ್ಷವಾದರೂ ಬಿಡುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ (ತಿಪಟೂರು ಕಡೆಯ ಸದಸ್ಯೆ): ನಮಸ್ತೆ ಮೇಡಂ. ನಮ್ಮಪ್ಪನಿಗೆ 61 ವರ್ಷ. ತೋಟ, ಎರಡು ಹಸು ನೋಡಿಕೊಂಡು ಊರಲ್ಲೇ ಇದ್ದಾರೆ. ಆರು ವರ್ಷದಿಂದ ಇಸಬು. ಮೊದಲು ಕಣ್ಣಿನ ರೆಪ್ಪೆ ಮತ್ತು ಕತ್ತಿನಲ್ಲಿ ಶುರುವಾಯಿತು. ಈಗ ಮೊಣಕೈ ಮಡಿಕೆ, ಮಂಡಿ ಹಿಂದೆ ಕೂಡ ಬಂದಿದೆ. ಚರ್ಮ ದಪ್ಪಗಾಗಿ ಕಪ್ಪಿಟ್ಟಿದೆ. ರಾತ್ರಿ ಕೆರೆದು ಕೆರೆದು ದಿಂಬಿನ ಮೇಲೆ ರಕ್ತದ ಚುಕ್ಕೆ. ಮೊದಲೆಲ್ಲ ಚಳಿಗಾಲಕ್ಕೆ ಕಡಿಮೆ ಆಗುತ್ತಿತ್ತು, ಎರಡು ವರ್ಷದಿಂದ ಅದೂ ಇಲ್ಲ. ಬಿಸಿಲಿನ ಅಲರ್ಜಿ ಅಂತ ಒಬ್ಬರು ಹೇಳಿದರು. ಊರಲ್ಲಿ ಒಂದು ಇಂಜೆಕ್ಷನ್ ಹಾಕುತ್ತಾರೆ. ಹದಿನೈದು ದಿನ ಆರಾಮ, ಮತ್ತೆ ಅದೇ ಕತೆ. ಮೆಡಿಕಲ್ ಶಾಪಿನಿಂದ ತಂದ ಟ್ಯೂಬುಗಳಿಗಂತೂ ಲೆಕ್ಕವಿಲ್ಲ. ಬುಡಸಮೇತ ಹೋಗುವ ದಾರಿ ಇದೆಯಾ?

ಉತ್ತರ (ಚರ್ಮವೈದ್ಯೆ): ನೀವು ಬರೆದಿರುವ ಜಾಗಗಳೇ ಅರ್ಧ ಉತ್ತರ ಹೇಳುತ್ತಿವೆ. ಒಂದು ಕೆಲಸ ಮಾಡಿ. ಅಪ್ಪನ ಕಿವಿಯ ಹಿಂದೆ, ಗಲ್ಲದ ಕೆಳಗೆ ನೋಡಿ. ಅಲ್ಲಿಗೆ ಬಿಸಿಲು ಬೀಳುವುದಿಲ್ಲ, ಮೇಲಿನ ರೆಪ್ಪೆಗೂ ಅಷ್ಟಾಗಿ ಬೀಳುವುದಿಲ್ಲ. ಬರೀ ಬಿಸಿಲಿನ ಅಲರ್ಜಿಯಾದರೆ ಈ ಜಾಗಗಳು ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಅಲ್ಲೂ ಇಸಬು ಇದ್ದರೆ ಗಾಳಿಯಲ್ಲಿ ಬರುವ ಏನೋ ಒಂದು ಚರ್ಮದ ಮೇಲೆ ಕೂರುತ್ತಿದೆ ಅಂತ ಲೆಕ್ಕ. ಮಡಿಕೆಗಳಲ್ಲಿ ಬೆವರಿನ ಜೊತೆ ಅದು ಅಂಟಿಕೊಂಡು ಉಳಿಯುತ್ತದೆ.

ನಮ್ಮ ಕಡೆ ಹೊಲ, ತೋಟದಲ್ಲಿ ಓಡಾಡುವ ಈ ವಯಸ್ಸಿನ ಗಂಡಸರಲ್ಲಿ ನಾನು ಮೊದಲು ಅನುಮಾನಿಸುವುದು ಪಾರ್ಥೇನಿಯಂ. ಊರಲ್ಲಿ ಕಾಂಗ್ರೆಸ್ ಗಿಡ ಅಂತೀವಲ್ಲ, ಅದೇ. (ಹೆಸರು ನೋಡಿ ಇಲ್ಲಿ ರಾಜಕೀಯ ಶುರು ಮಾಡಬೇಡಿ, ದಯವಿಟ್ಟು.) 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡ ಅಮೆರಿಕ ಖಂಡದ ಈ ಕಳೆ ಇವತ್ತು ಖಾಲಿ ಸೈಟು, ರಸ್ತೆ ಬದಿ, ಬದು ಒಂದನ್ನೂ ಬಿಟ್ಟಿಲ್ಲ. ಇದನ್ನು ತಿನ್ನಲಿ ಅಂತ 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊದ ಒಂದು ಜೀರುಂಡೆಯನ್ನೂ ತಂದು ಬಿಟ್ಟರು. ಅದು ಮಳೆಗಾಲದಲ್ಲಿ ಎಲೆ ತಿನ್ನುವುದೇನೋ ನಿಜ, ಗಿಡ ಮಾತ್ರ ಮುಗಿಯಲಿಲ್ಲ. ಗಿಡದ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಅನ್ನುವ ಪದಾರ್ಥ ಇರುತ್ತದೆ. ಹಸಿ ಗಿಡ ಮುಟ್ಟಲೇಬೇಕೆಂದಿಲ್ಲ, ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದರೂ ಸಾಕು. ಮೊದಮೊದಲು ಚಳಿಗಾಲಕ್ಕೆ ಬಿಡುವು ಸಿಕ್ಕಿ, ವರ್ಷ ಕಳೆದಂತೆ ಹನ್ನೆರಡು ತಿಂಗಳೂ ಕಾಡುವುದು ಇದರ ಹಳೇ ಚಾಳಿ.

ಆದರೆ ನಾನು ನೋಡದೆ ಇದೇ ಅಂತ ಹೇಳಲಾರೆ. ಪ್ಯಾಚ್ ಟೆಸ್ಟ್ ಮಾಡಿಸಿ. ಸೂಜಿ ಚುಚ್ಚುವುದಿಲ್ಲ. ಅನುಮಾನದ ಪದಾರ್ಥಗಳಿರುವ ಸಣ್ಣ ಸಣ್ಣ ಪಟ್ಟಿ ಬೆನ್ನಿಗೆ ಅಂಟಿಸಿ 48 ಗಂಟೆ ಬಿಡುತ್ತಾರೆ. ತೆಗೆದ ಮೇಲೆ ಒಮ್ಮೆ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ತಾಗಬಾರದು, ಬೆವರುವ ಕೆಲಸವೂ ಬೇಡ. ಇಂಜೆಕ್ಷನ್ ಹಾಕಿಸಿಕೊಂಡು ಸ್ವಲ್ಪ ದಿನವಷ್ಟೇ ಆಗಿದ್ದರೆ ಮೊದಲೇ ಹೇಳಿ, ಫಲಿತಾಂಶ ತಪ್ಪಬಹುದು.

ಆ ಇಂಜೆಕ್ಷನ್ ಬಹುಶಃ ಸ್ಟೀರಾಯ್ಡ್. ಅದಕ್ಕೇ ಹದಿನೈದು ದಿನದ ಸುಖ. ಪದೇ ಪದೇ ಹಾಕಿಸಿದರೆ ಸಕ್ಕರೆ, ಬಿಪಿ ಏರುತ್ತದೆ, ಮೂಳೆ ಸವೆಯುತ್ತದೆ. ಟ್ಯೂಬುಗಳಲ್ಲೂ ಜಾಸ್ತಿ ಪವರಿನ ಸ್ಟೀರಾಯ್ಡ್ ಇರಬಹುದು. ರೆಪ್ಪೆಗೆ ವರ್ಷಗಟ್ಟಲೆ ಹಚ್ಚಿದ್ದರೆ ಒಮ್ಮೆ ಕಣ್ಣಿನ ಡಾಕ್ಟರಿಗೂ ತೋರಿಸಿ, ಕಣ್ಣಿನ ಒತ್ತಡ ಏರಿರಬಹುದು, ಪೊರೆ ಬಂದಿರಬಹುದು. ಹಾಗಂತ ಸ್ಟೀರಾಯ್ಡೇ ವಿಷ ಅನ್ನುವವರ ಮಾತೂ ಕೇಳಬೇಡಿ. ಸರಿಯಾದ ಪವರಿನದು, ಸರಿಯಾದ ಜಾಗಕ್ಕೆ, ಇಷ್ಟು ದಿನ ಅಂತ ಹಚ್ಚಿದರೆ ಅದರಷ್ಟು ಬೇಗ ಉರಿ ಇಳಿಸುವ ಔಷಧಿ ಕಡಿಮೆ. ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದ ಹಿಂಡಿದ ಮುಲಾಮು ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನೀವೇ ಅಳೆದು ಕೊಡಿ.

ಇಷ್ಟು ಹಳೆಯ ಕೇಸಿಗೆ ಅಜಾಥಯೋಪ್ರಿನ್ ಮಾತ್ರೆ (ದೇಹದ ರೋಗನಿರೋಧಕ ಶಕ್ತಿಯ ಅತಿರೇಕ ತಗ್ಗಿಸುವಂಥದ್ದು) ಎಷ್ಟೋ ಜನರಿಗೆ ಉಪಯೋಗವಾಗಿದೆ. ಅದು ಕೆಲಸ ಶುರು ಮಾಡಲು ವಾರಗಳೇ ಬೇಕು. ರಕ್ತದ ಕಣ, ಲಿವರ್ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಗೌಟಿಗೆ (ಯೂರಿಕ್ ಆಮ್ಲದಿಂದ ಬರುವ ಕೀಲುನೋವು) ಅಲೋಪ್ಯೂರಿನಾಲ್ ಮಾತ್ರೆ ನುಂಗುತ್ತಿದ್ದರೆ ಮರೆಯದೆ ಹೇಳಿ. ಎರಡೂ ಸೇರಿದರೆ ರಕ್ತದ ಬಿಳಿ ಕಣಗಳು ಅಪಾಯದ ಮಟ್ಟಕ್ಕೆ ಇಳಿಯಬಹುದು.

ಬುಡಸಮೇತ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ಅಲರ್ಜಿ ಒಳಗೇ ಉಳಿಯುತ್ತದೆ. ಆದರೆ ರಾತ್ರಿ ನಿದ್ದೆ ಬರುವಷ್ಟು, ಕನ್ನಡಿ ನೋಡಿಕೊಳ್ಳುವಷ್ಟು ಖಂಡಿತ ತಗ್ಗಿಸಬಹುದು. ತೋಟದಿಂದ ಬಂದ ಕೂಡಲೇ ಉಗುರುಬೆಚ್ಚಗಿನ ನೀರಲ್ಲಿ ಸ್ನಾನ, ಅಂಗಿ ಬದಲಾವಣೆ. ಮೈ ಒದ್ದೆ ಇರುವಾಗಲೇ ವ್ಯಾಸಲೀನ್. ಕಳೆ ಕೀಳುವುದು ಬೇರೆಯವರು, ಅದೂ ಹೂ ಬಿಡುವ ಮೊದಲು, ಕೈಗವಸು ಹಾಕಿಕೊಂಡು. ಸೇವಂತಿಗೆಯೂ ಇದೇ ಕುಟುಂಬದ್ದು, ಪೂಜೆಗೆ ಹೂ ಬಿಡಿಸುವ ಕೆಲಸ ಅಪ್ಪನದಾದರೆ ನೀವು ವಹಿಸಿಕೊಳ್ಳಿ.

ಇನ್ನೊಬ್ಬ ಸದಸ್ಯ: ಬದನೆಕಾಯಿ, ಕುಂಬಳಕಾಯಿ, ಮೀನು ನಂಜು ಅಂತಾರಲ್ಲ ಮೇಡಂ, ಬಿಡಿಸಬೇಕಾ?

ಉತ್ತರ: ತಿಂದ ಸ್ವಲ್ಪ ಹೊತ್ತಿಗೇ ಪ್ರತಿ ಸಲ ತುರಿಕೆ ಬಂದರೆ ಬಿಡಿ. ಇಲ್ಲದಿದ್ದರೆ ಸುಮ್ನೆ ಪಥ್ಯ ಬೇಡ. ನಿದ್ದೆ ಇಲ್ಲದೆ ಸೊರಗಿದವರಿಗೆ ಊಟವನ್ನೂ ಕಿತ್ತುಕೊಂಡರೆ ಹೇಗೆ?

ಮತ್ತೊಬ್ಬ ಸದಸ್ಯೆ: ನಾನು ಮೆಸ್ ನಡೆಸುತ್ತೇನೆ. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳ ತುದಿ ಮಾತ್ರ ಒಡೆದು ಉರಿಯುತ್ತದೆ. ಬಲಗೈ ಸರಿಯಾಗಿದೆ. ಪಾತ್ರೆ ಸೋಪಿರಬಹುದಾ?

ಉತ್ತರ: ಸೋಪಾದರೆ ಎರಡೂ ಕೈಗೆ ಬರಬೇಕಿತ್ತು, ಅಲ್ವಾ? ಬಲಗೈಯಲ್ಲಿ ಚಾಕು ಇರುತ್ತದೆ, ಎಡಗೈಯ ಆ ಮೂರು ಬೆರಳಲ್ಲಿ ಏನು ಹಿಡಿಯುತ್ತೀರಿ? ಬೆಳ್ಳುಳ್ಳಿ. ಆರು ವಾರ ಅದನ್ನು ಸುಲಿದು ಹೆಚ್ಚುವ ಕೆಲಸ ಬೇರೆಯವರಿಗೆ ಕೊಡಿ. ಸಾಮಾನ್ಯ ರಬ್ಬರ್ ಗ್ಲೌಸ್ ನಂಬಬೇಡಿ, ಬೆಳ್ಳುಳ್ಳಿಯ ಅಂಶ ಅದರೊಳಗೂ ಇಳಿಯುತ್ತದೆ.

ತಿಪಟೂರು ಕಡೆಯ ಸದಸ್ಯೆ: ಮೇಡಂ, ಅಪ್ಪನ ಕಿವಿ ಹಿಂದೆ ನೋಡಿದೆ, ಇದೆ. ಕೊಟ್ಟಿಗೆ ಹಿಂದಿನ ಬೇಲಿ ಪೂರ್ತಿ ಕಾಂಗ್ರೆಸ್ ಗಿಡ, ಸೊಂಟದೆತ್ತರ ಬೆಳೆದಿದೆ. ಅಪ್ಪ ದಿನಾ ಹೆಗಲ ಟವೆಲ್ ಒಗೆದು ಒಣಗಲು ಹಾಕುವುದು ಅದೇ ಬೇಲಿ ಮೇಲೆ. ಅದರಲ್ಲೇ ಮುಖ, ಕತ್ತು ಒರೆಸಿಕೊಳ್ಳುತ್ತಾರೆ.

ಉತ್ತರ: ಟವೆಲ್ ಈಗಲೇ ಒಗೆದು ಮನೆಯೊಳಗೆ ಒಣಹಾಕಿ. ಪ್ಯಾಚ್ ಟೆಸ್ಟಿಗೆ ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.